ಎಣಿಕೆಗೆ ಮೀರಿದ ಸಾಲುಗಳು

ಕರ್ಟ್ ಫೋನ್ ಇಟ್ಟ ಮೇಲೂ ಆಡ್ರಾ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ತೆಗೆದರೆ ಏನಾದರೂ ಮಾಡಬೇಕಾಗುತ್ತದೆ. ಅದು ಕಿವಿಗೆ ಅಂಟಿಕೊಂಡಿರುವಷ್ಟು ಹೊತ್ತು ಅವಳು ಇನ್ನೂ ಫೋನಿನಲ್ಲಿದ್ದಾಳೆ, ಯಾರೂ ಒಳಗೆ ಬಂದು ಏನೂ ಕೇಳುವಂತಿಲ್ಲ. ಕರ್ಟ್ ಬೈದಿರಲಿಲ್ಲ. ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ದಿನವಿಡೀ ಬಾಟಲಿಗಳ ಜೊತೆ ಕೂರುವ ಅವನಿಗೆ ಮನುಷ್ಯರ ದನಿ ಕೇಳಿದರೆ ಸಾಕು, ಮಾತು ನಿಲ್ಲುವುದಿಲ್ಲ. ಬೇಸ್‌ಬಾಲ್ ಆಯಿತು, ಬೋಟಿನ ಮೋಟಾರು ಕೆಟ್ಟಿದ್ದಾಯಿತು, ನಾದಿನಿ ಬಂದು ವಾರವಾದರೂ ಹೊರಡುವ ಲಕ್ಷಣವಿಲ್ಲ ಎನ್ನುವುದೂ ಆಯಿತು. ಆಮೇಲೆ, ಫೋನ್ ಇಡುವ ಮುಂಚೆ, ಮರೆತಿದ್ದು ನೆನಪಾದವನ ಹಾಗೆ ಹೇಳಿದ್ದ.

"ಅಲ್ಲ ಕಣೇ, ನಿನ್ನೆ ಗಲ್ ಪಾಯಿಂಟ್ ಬೀಚ್ ಮೇಲೆ ಹಾದು ಹೋದೆ. ಹಸಿರು ಬಾವುಟ ಪಟಪಟ ಅಂತಿದೆ, ನೀರಲ್ಲಿ ಜನವೋ ಜನ. ನಾನಿಲ್ಲಿ ಒಂದು ವಾರದಿಂದ 'ಎಣಿಕೆಗೆ ಮೀರಿದೆ, ಎಣಿಕೆಗೆ ಮೀರಿದೆ' ಅಂತ ಬರೆದು ಬರೆದು ಹಾಕ್ತಿದೀನಿ. ನೀವು ಅದನ್ನ ಓದ್ತೀರೋ, ಇಲ್ಲಾ ಪ್ರಿಂಟ್ ತೆಗೆದು ಮೀನು ಕಟ್ಕೊಂಡು ಹೋಗ್ತೀರೋ?"

"ನೋಡ್ತೀನಿ," ಎಂದಿದ್ದಳು ಆಡ್ರಾ. ದನಿ ಸರಿಯಾಗಿಯೇ ಬಂದಿತ್ತು. ಅವಳಿಗೆ ಹೆದರಿಕೆಯಾಗಿದ್ದು ಅದಕ್ಕೇ.

ಕೊನೆಗೆ ರಿಸೀವರ್ ಇಟ್ಟು ಫೋಲ್ಡರ್ ತೆರೆದಳು. ಕ್ಲೌಡಿನಲ್ಲಿರುವ ಆ ಫೋಲ್ಡರಿಗೆ ಕರ್ಟ್ ದಿನಾ ಬೆಳಿಗ್ಗೆ ಒಂದು ಹಾಳೆ ಹಾಕುತ್ತಾನೆ: ಯಾವ ಬೀಚು, ಯಾವ ದಿನ, ನೀರಿನಲ್ಲಿ ಕ್ರಿಮಿ ಎಷ್ಟು. ಅಲ್ಲಿಂದ ಮುಂದೆ ಯಾರೂ ಕೈ ಹಾಕಬೇಕಾಗಿಲ್ಲ. ವಸಂತದಲ್ಲಿ ಆಡ್ರಾ ಕಂಪ್ಯೂಟರಿನಲ್ಲಿ ಕಟ್ಟಿದ ಕೊಂಡಿ ಫೋಲ್ಡರಿನ ಹಾಳೆಗಳನ್ನೆಲ್ಲ ತಾನೇ ಎತ್ತಿಕೊಂಡು, ಒಂದರ ಕೆಳಗೊಂದು ಜೋಡಿಸಿ, ಡ್ಯಾಶ್‌ಬೋರ್ಡಿಗೆ, ಎಂದರೆ ಎಲ್ಲರೂ ನೋಡುವ ಪುಟಕ್ಕೆ, ಒಪ್ಪಿಸುತ್ತದೆ. ಅಲ್ಲಿ ಕೌಂಟಿಯ ಮ್ಯಾಪಿನ ಮೇಲೆ, ಸರೋವರದ ಅಂಚಿಗೆ, ಪ್ರತಿ ಬೀಚಿಗೂ ಒಂದು ಚುಕ್ಕೆ, ಹಸಿರು ಇಲ್ಲವೇ ಕೆಂಪು. ಚುಕ್ಕೆಯ ಕೆಳಗೆ ಹಿಂದಿನ ದಿನಗಳ ಪುಟ್ಟ ಚೌಕಗಳ ಪಟ್ಟಿ. ಲೈಫ್‌ಗಾರ್ಡುಗಳು ಫೋನಿನಲ್ಲಿ ಇದನ್ನೇ ನೋಡಿ ಬಾವುಟ ಏರಿಸುತ್ತಾರೆ. ಆರೋಗ್ಯ ಇಲಾಖೆಯ ಮುಂಬಾಗಿಲ ಒಳಗೆ ಗೋಡೆಗೆ ಹಾಕಿದ ದೊಡ್ಡ ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದೇ. ಈಗ ಅವಳು ಕರ್ಟನ ಇವತ್ತಿನ ಹಾಳೆ ತೆರೆದಳು. ಗಲ್ ಪಾಯಿಂಟಿನ ಎದುರು ಅಂಕಿಯಿಲ್ಲ. ಎಣಿಕೆಗೆ ಮೀರಿದೆ. ನಿನ್ನೆಯದು ತೆರೆದಳು, ಎಣಿಕೆಗೆ ಮೀರಿದೆ. ಮೊನ್ನೆಯದು. ಅದರ ಹಿಂದಿನದು. ಲ್ಯಾಬಿನ ತಟ್ಟೆಯಲ್ಲಿ ಕ್ರಿಮಿಗಳು ಒಂದರ ಮೈಮೇಲೊಂದು ಬೆಳೆದು ಎಣಿಸಲು ಆಗದೇ ಹೋದಾಗ ಅಂಕಿಯ ಜಾಗದಲ್ಲಿ ಬರೆಯುವ ಮಾತು ಅದು. ನೀರು ಇದಕ್ಕಿಂತ ಕೆಡುವುದಿಲ್ಲ. ಮ್ಯಾಪಿನಲ್ಲಿ ಮಾತ್ರ ಗಲ್ ಪಾಯಿಂಟ್ ಹಸಿರಾಗಿ, ಅದರ ಕೆಳಗಿನ ಚೌಕಗಳೆಲ್ಲ ಹಸಿರಾಗಿ, ಸಾಲಾಗಿ ನಿಂತಿದ್ದವು.

ಸಾಲುಗಳು ಎಲ್ಲಿ ಹೋದವು ಎಂದು ಹುಡುಕುವ ನಾಟಕ ಅವಳು ಮಾಡಬಹುದಾಗಿತ್ತು. ಆದರೆ ಕರ್ಟ್ ಮಾತಾಡುತ್ತಿರುವಾಗಲೇ ಅವಳಿಗೆ ಗೊತ್ತಾಗಿತ್ತು. ಏಪ್ರಿಲಿನಲ್ಲಿ ಕಿಟಕಿಯ ಹೊರಗೆ ಇನ್ನೂ ಕೊಳಕು ಹಿಮ ಬಿದ್ದಿರುವಾಗ ಮೊದಲ ಸಲ ಹಾಳೆಗಳನ್ನು ಜೋಡಿಸಿದ್ದಳು. ಪ್ರತಿ ಹಾಳೆಯ ಬುಡದಲ್ಲೂ ಕರ್ಟ್ ತನ್ನ ಹೆಸರು, 'ಪರೀಕ್ಷಿಸಿದವರು' ಎಂಬ ಒಕ್ಕಣೆ ಬರೆಯುತ್ತಿದ್ದ, ಅದೂ ಸರಿಯಾಗಿ ಅಂಕಿಗಳ ಕೆಳಗೇ. ಅಂಕಿ ಬೇಕಾದ ಕಡೆ ಅಕ್ಷರ ಸಿಕ್ಕಿ ಇಡೀ ಕೊಂಡಿ ಮುಗ್ಗರಿಸಿ ಬಿತ್ತು. ಪರದೆಯ ತುಂಬ ಕೆಂಪು ಗೆರೆ. ವೀಡಿಯೊಗಳನ್ನು ನೋಡಿ ನೋಡಿ ತಾನಾಗಿಯೇ ಕಲಿತವಳಿಗೆ ಆ ಕೆಂಪು ಗೆರೆ ಎಂದರೆ ಶಾಲೆಯಲ್ಲಿ ಎಲ್ಲರ ಎದುರು ಬೋರ್ಡಿನ ಹತ್ತಿರ ನಿಲ್ಲಿಸಿದ ಹಾಗೆ. ಮೆನುವಿನಲ್ಲಿ ಒಂದು ಮಾತಿತ್ತು: ದೋಷವಿರುವ ಸಾಲುಗಳನ್ನು ತೆಗೆದುಹಾಕು. ಒತ್ತಿದಳು. ಕರ್ಟನ ಹೆಸರುಗಳು ಮಾಯವಾದವು, ಗೆರೆ ಮಾಯವಾಯಿತು, ಅವಳು ಒಬ್ಬಳೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿದ್ದಳು. ಕಸ ಗುಡಿಸಲೆಂದು ಇಟ್ಟ ಪೊರಕೆ ಅಂದಿನಿಂದ ದಿನಾ ಬೆಳಿಗ್ಗೆ ತಾನೇ ಗುಡಿಸುತ್ತಿತ್ತು. ಅಕ್ಷರದಲ್ಲಿ ಬಂದದ್ದೆಲ್ಲ ಅದಕ್ಕೆ ಕಸ. ನೀರು ಸ್ವಲ್ಪ ಕೆಟ್ಟರೆ ಅಂಕಿ ಬರುತ್ತದೆ, ಚುಕ್ಕೆ ಕೆಂಪಾಗುತ್ತದೆ. ತೀರಾ ಕೆಟ್ಟರೆ ಸಾಲೇ ಇರುವುದಿಲ್ಲ.

ಸಾಲಿಲ್ಲದಿದ್ದರೆ ಚುಕ್ಕೆ ಬೂದು ಬಣ್ಣಕ್ಕೆ ತಿರುಗಬೇಕಿತ್ತು. ಅವಳು ಮೊದಲು ಹಾಗೆಯೇ ಮಾಡಿದ್ದಳು ಕೂಡ. ಗ್ಯಾರೆಟ್ ಪ್ರೂಸ್, ಅವಳಿಗಿಂತ ಚಿಕ್ಕವನು, ಅವಳ ಮೇಲಧಿಕಾರಿ, ಕುರ್ಚಿಯ ಹಿಂದೆ ನಿಂತು ಪುದೀನದ ಚೂಯಿಂಗ್ ಗಮ್ಮಿನ ವಾಸನೆಯನ್ನು ಅವಳ ಕತ್ತಿನ ಮೇಲೆ ಬಿಡುತ್ತ, "ಈ ಬೂದು ಯಾಕೆ? ಬೂದು ಕಂಡ್ರೆ ಜನ ಫೋನ್ ಮಾಡ್ತಾರೆ ಮಾರಾಯ್ತಿ. ಅಳತೆ ಬಂದಿಲ್ಲ ಅಂದ್ರೆ ಹಿಂದಿನ ದಿನದ್ದೇ ತೋರಿಸು," ಎಂದಿದ್ದ. ತೋರಿಸಿದಳು. ಹಾಗೆ ಬೇಡ ಎನ್ನಬೇಕೆಂದು ಅವಳಿಗೆ ಅನಿಸಿತ್ತೋ? ಈಗ ಅನಿಸಿತ್ತು ಎನ್ನುವುದು ಸುಲಭ. ಆಗ ಅವಳಿಗೆ ಅನಿಸಿದ್ದು ಒಂದೇ, ಅವನು ತನ್ನ ಕೆಲಸವನ್ನು ನಿಂತು ನೋಡುತ್ತಿದ್ದಾನೆ ಎನ್ನುವ ಖುಷಿ. ಅದಕ್ಕೂ ಹಿಂದೆ ಎಷ್ಟೋ ವರ್ಷ ಅವಳು ಈ ಕಟ್ಟಡದಲ್ಲಿ ಕರಪತ್ರಗಳ ಪ್ರತಿ ತೆಗೆಯುವವಳು, ಫ್ಯಾಕ್ಸ್ ಬಂದರೆ ಹಂಚುವವಳು. 'ಫ್ಯಾಕ್ಸ್ ಆಡ್ರಾ' ಎನ್ನುವುದು ಅವಳ ಬೆನ್ನ ಹಿಂದಿನ ಹೆಸರು, ಕೆಲವೊಮ್ಮೆ ಎದುರಿನದ್ದೂ. ಮ್ಯಾಪ್ ಬಂದ ಮೇಲೆ ಕೌಂಟಿ ಬೋರ್ಡಿನ ಸಭೆಯಲ್ಲಿ ಅವಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ, ಸೆಖೆಯಾದರೂ ಕೋಟು ಬಿಚ್ಚದೆ, ಎಲ್ಲರಿಗಿಂತ ಮುಂಚೆ ಚಪ್ಪಾಳೆ ಶುರುಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ. ಮರುದಿನ ಆಫೀಸಿನಲ್ಲಿ ಕೇಕು ಬಂತು, ಸರೋವರ ನೀಲಿ ಐಸಿಂಗು, ಬೀಚುಗಳೆಲ್ಲ ಹಸಿರು. ಅವಳ ಪಾಲಿಗೆ ಬಂದ ತುಂಡಿನಲ್ಲಿ ಗಲ್ ಪಾಯಿಂಟ್ ಇತ್ತು. ತಿಂದಿದ್ದಳು.

ಎದ್ದು ನಿಂತಳು. ಗ್ಯಾರೆಟ್‌ಗೆ ಹೇಳಬೇಕು. ಅಷ್ಟೇ ತಾನೆ, ಬಾಯಿ ಬಿಟ್ಟು ಹೇಳಿದರೆ ಮುಗಿಯಿತು. ಇವತ್ತು ಶುಕ್ರವಾರ, ಬಿಸಿಲಿದೆ, ಶಿಕಾಗೋ ಕಡೆಯ ಕಾರುಗಳು ಆಗಲೇ ಹೆದ್ದಾರಿ ಇಳಿಯುತ್ತಿರಬೇಕು, ಬೇಸಿಗೆ ಶಿಬಿರದ ಹಳದಿ ಬಸ್ಸುಗಳು ಗಲ್ ಪಾಯಿಂಟಿನಲ್ಲಿ ಮಕ್ಕಳನ್ನು ಇಳಿಸುತ್ತಿರಬೇಕು. ಮಕ್ಕಳು ನೀರು ಕುಡಿಯುತ್ತಾರೆ. ದೊಡ್ಡವರು ಬಾಯಿ ಮುಚ್ಚಿಕೊಂಡು ಈಜಿದರೆ ಮಕ್ಕಳು ನಗುತ್ತ ಬಾಯಿ ತೆರೆದುಕೊಂಡೇ ಮುಳುಗುತ್ತಾರೆ. ಆಡ್ರಾ ಬಾಗಿಲು ತೆರೆದು ಹೊರಟಳು.

ಗ್ಯಾರೆಟ್‌ನ ಕೋಣೆಗೆ ಹೋಗುವ ದಾರಿ ಮುಂಭಾಗದ ಹಾಲ್ ದಾಟಿ. ಅಲ್ಲಿ ಟಿವಿಯ ಕೆಳಗೆ, ಬಂದವರನ್ನು ವಿಚಾರಿಸುವ ಮೇಜಿನ ಹಿಂದೆ ಡಾರ್ಲೀನ್ ಕುಬಿಯಾಕ್ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಈ ಆಫೀಸಿನಲ್ಲಿ ಆಡ್ರಾಳನ್ನು ಎಂದೂ ಫ್ಯಾಕ್ಸ್ ಎಂದು ಕರೆಯದವಳು ಅವಳೊಬ್ಬಳೇ. ಕಣ್ಣು ಕೆಂಪಗಿದ್ದವು.

"ಏನಾಯ್ತು ಡಾರ್ಲೀನ್?"

"ನಮ್ಮ ಪೈಪರ್ ಕಣಮ್ಮ. ಮೂರ್ನಾಲ್ಕು ದಿನದಿಂದ ಭೇದಿ ನಿಂತೇ ಇಲ್ಲ. ನಿನ್ನೆ ರಕ್ತ ಹೋಯ್ತು. ಆಸ್ಪತ್ರೆಗೆ ಸೇರಿಸಿದ್ದಾರೆ. ನನ್ನ ಮಗಳು ಅಲ್ಲೇ ಇದಾಳೆ."

ಪೈಪರ್ ಡಾರ್ಲೀನಳ ಮೊಮ್ಮಗಳು, ಮುಂದಿನ ಎರಡು ಹಲ್ಲು ಬಿದ್ದವಳು, ಆಫೀಸಿಗೆ ಬಂದಾಗ ಆಡ್ರಾಳ ಕುರ್ಚಿಯಲ್ಲಿ ಗಿರಗಿರ ತಿರುಗುವವಳು. ಪೈಪರ್ ಬೀಚಿಗೆ ಹೋಗಿದ್ದಳೇ ಎಂದು ಆಡ್ರಾ ಕೇಳಲಿಲ್ಲ. ಕೇಳದಿದ್ದರೆ ಹೋಗಿಲ್ಲ. "ಹುಷಾರಾಗ್ತಾಳೆ ಬಿಡಿ," ಎಂದು ಮೇಜಿನ ಮೇಲಿದ್ದ ಡಾರ್ಲೀನಳ ಕೈ ಮುಟ್ಟಿ ಮುಂದೆ ನಡೆದಳು. ತನ್ನ ಕೈ ತಣ್ಣಗಿದ್ದದ್ದು ಡಾರ್ಲೀನಳಿಗೆ ಗೊತ್ತಾಯಿತೇನೋ ಎಂದು ಅದನ್ನೇ ಯೋಚಿಸಿದಳು.

"ಬಾ ಬಾ," ಎಂದ ಗ್ಯಾರೆಟ್, ಬಾಯಲ್ಲಿ ಸ್ಯಾಂಡ್‌ವಿಚ್ಚಿಟ್ಟುಕೊಂಡೇ. "ಸೋಮವಾರ ರಾಜ್ಯ ಇಲಾಖೆಯವರು ಬರ್ತಿದ್ದಾರೆ, ಗೊತ್ತಾ? ನಿನ್ನ ಮ್ಯಾಪ್ ನೋಡೋಕೆ. ಬೇರೆ ಕೌಂಟಿಗಳಿಗೂ ಇದನ್ನೇ ಹಾಕ್ತಾರಂತೆ. ನೀನೇ ತೋರಿಸ್ಬೇಕು. ಒಳ್ಳೇ ಬಟ್ಟೆ ಹಾಕ್ಕೊಂಡು ಬಾರಮ್ಮ, ಆ ಹಳೇ ಸ್ವೆಟರ್ ಬೇಡ." ನಕ್ಕ. ಅವಳೂ ನಕ್ಕಳು. ಸ್ವೆಟರಿನ ತುದಿಯನ್ನು ಕೈ ತಾನಾಗಿ ಎಳೆದುಕೊಂಡಿತು. "ಏನೋ ಹೇಳೋಕೆ ಬಂದೆ?"

ಮಾತು ನಾಲಗೆಯ ತುದಿಗೆ ಬಂದಿತ್ತು. "ಗಲ್ ಪಾಯಿಂಟಿನ ಇವತ್ತಿನ ಅಳತೆ..." ಎಂದಳು. "ಯಾಕೋ ಚೆನ್ನಾಗಿಲ್ಲ ಅನ್ಸುತ್ತೆ. ನೋಡಿ ಹೇಳ್ತೀನಿ." ಇವತ್ತಿನ ಎನ್ನುವ ಮಾತನ್ನು ತಾನು ಆರಿಸಿಕೊಳ್ಳಲಿಲ್ಲ, ಅದೇ ಬಂತು ಎಂದು ವಾಪಸ್ ಬರುವಾಗ ಅಂದುಕೊಂಡಳು. ಆದರೆ ಬಂದದ್ದು ಅವಳ ಬಾಯಿಂದಲೇ.

ಸರಿಮಾಡುವುದು ಕಷ್ಟವಿರಲಿಲ್ಲ. ಪೊರಕೆಯ ಹೆಜ್ಜೆಗಿಂತ ಮೊದಲೇ, 'ಎಣಿಕೆಗೆ ಮೀರಿದೆ' ಎಂದು ಬಂದರೆ ಅದನ್ನು ಒಂದು ದೊಡ್ಡ ಅಂಕಿಯೆಂದು ತಿಳಿ ಎಂದು ಬರೆದಳು. ತನ್ನ ಕಂಪ್ಯೂಟರಿನಲ್ಲಿ ಮಾತ್ರ ಕಾಣುವ ಹಾಗೆ ಪರೀಕ್ಷಿಸಿ ನೋಡಿದಳು. ಗಲ್ ಪಾಯಿಂಟಿನ ಚುಕ್ಕೆ ಕೆಂಪಾಯಿತು. ಒಂದು ಕ್ಷಣ ಹಾಯೆನಿಸಿತು. ಮರುಕ್ಷಣ ಚುಕ್ಕೆಯ ಕೆಳಗಿನ ಚೌಕಗಳು, ನಿನ್ನೆ, ಮೊನ್ನೆ, ಅದರಾಚೆ ಕಳೆದ ಶನಿವಾರದವರೆಗೂ, ಒಂದಾದ ಮೇಲೊಂದು ಕೆಂಪಾಗುತ್ತ ಹೋದವು. ಪರದೆಯ ಮೇಲೆ ಕೈ ಅಡ್ಡ ಹಿಡಿದಳು. ಕೋಣೆಯಲ್ಲಿ ಅವಳ ಹೊರತು ಯಾರೂ ಇರಲಿಲ್ಲ.

ಚಿಕ್ಕವಳಿದ್ದಾಗ ಅಪ್ಪ ಮೀನು ಹಿಡಿಯಲು ಹೆಪ್ಪುಗಟ್ಟಿದ ಸರೋವರದ ಮೇಲೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಕಾಲ ಕೆಳಗೆ ಎಲ್ಲೋ ಆಳದಲ್ಲಿ ಗುಡುಗಿದ ಹಾಗೆ ಸದ್ದು, ಉದ್ದಕ್ಕೆ ಬಿರಿಯುತ್ತ ಓಡುವ ಸದ್ದು. ಅವಳು ಅತ್ತು ಅವನ ಬೂಟು ಹಿಡಿದುಕೊಂಡರೆ, "ಇದು ಗಟ್ಟಿಯಾಗ್ತಿರೋ ಸದ್ದು ಕಣೋ ಪುಟ್ಟ, ಕೂಗ್ಲಿ ಬಿಡು. ಏನೂ ಸದ್ದಿಲ್ಲದೆ ಸುಮ್ಮನಿದ್ರೆ ಆವಾಗ ನಾನೂ ಹೆದರ್ತೀನಿ," ಎನ್ನುತ್ತಿದ್ದ. ಏಪ್ರಿಲಿನಿಂದ ಈ ಕೊಂಡಿ ಒಂದು ದಿನ ಕೂಡ ಸದ್ದು ಮಾಡಿರಲಿಲ್ಲ. ದಿನಾ ಬೆಳಿಗ್ಗೆ ಹಸಿರು ಗುರುತು, ಯಶಸ್ವಿಯಾಗಿ ನವೀಕರಿಸಲಾಗಿದೆ. ಸಭೆಯಲ್ಲಿ ಅವಳು ಅದನ್ನೇ ಹೆಮ್ಮೆಯಿಂದ ಹೇಳಿದ್ದಳು: ಇದುವರೆಗೆ ಒಂದು ದೋಷವೂ ಇಲ್ಲ. ಅಪ್ಪ ಕೋಟಿನೊಳಗೆ ಬೆವರುತ್ತ ಚಪ್ಪಾಳೆ ತಟ್ಟಿದ್ದು ಅದಕ್ಕೇ.

ಕೆಂಪು ಚೌಕಗಳು ಟಿವಿಯಲ್ಲಿ ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ವಾರವಿಡೀ ನೀರು ವಿಷವಾಗಿತ್ತು, ನೀವು ಹಸಿರು ತೋರಿಸಿದಿರಿ. ಯಾರು? ಆಡ್ರಾ. ಯಾವ ಆಡ್ರಾ? ಫ್ಯಾಕ್ಸ್. ಅವಳ ಬೆರಳುಗಳು ಅವಳಿಗಿಂತ ಬೇಗ ಕೆಲಸ ಮಾಡಿದವು. ಹೊಸ ನಿಯಮಕ್ಕೆ ಒಂದು ಷರತ್ತು ಸೇರಿಸಿದಳು: ಇವತ್ತಿನಿಂದ ಮಾತ್ರ. ಅದರ ಹಿಂದಿನದಕ್ಕೆ ಹಳೇ ಪೊರಕೆಯೇ. ಮೊದಲು ಬೀಚು ಮುಚ್ಚಲಿ, ಜನ ನೀರಿನಿಂದ ಮೇಲೆ ಬರಲಿ, ಅದಲ್ಲವೇ ಮುಖ್ಯ, ಉಳಿದದ್ದು ಆಮೇಲೆ ನೋಡಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಎನ್ನುವುದು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗುಂಡಿ ಒತ್ತಿದಳು. ಪುಟ್ಟ ವೃತ್ತ ಸುತ್ತಿತು, ಸುತ್ತಿತು, ನಿಂತಿತು. ಗಲ್ ಪಾಯಿಂಟ್ ಕೆಂಪು. ಹಿಂದಿನ ಚೌಕಗಳೆಲ್ಲ ಹಸಿರು. ಸರೋವರ ಇವತ್ತೇ ಬೆಳಿಗ್ಗೆ ಕೆಟ್ಟಿತು.

ಆಮೇಲೆ ಎಲ್ಲವೂ ಸರಸರನೆ ನಡೆಯಿತು. ಲೈಫ್‌ಗಾರ್ಡುಗಳು ಸೀಟಿ ಊದಿ ಜನರನ್ನು ಎಬ್ಬಿಸಿದರಂತೆ, ಬಸ್ಸುಗಳು ತಿರುಗಿ ಹೋದವಂತೆ. ಗ್ಯಾರೆಟ್ ಶರ್ಟಿನ ತೋಳು ಮಡಚಿಕೊಂಡು ಅವಳ ಬಾಗಿಲಿಗೆ ಬಂದ. "ನೋಡಿದ್ಯಾ? ಶುಕ್ರವಾರ, ಜನ ತುಂಬೋ ಮುಂಚೆ, ಹಿಡೀತಲ್ಲ ನಿನ್ನ ಮ್ಯಾಪು! ಸೋಮವಾರ ಇದೇ ಕತೆ ಹೇಳೋಣ. ಇವತ್ತು ರಾತ್ರಿ ಫಿಶ್ ಫ್ರೈ ನನ್ನ ಲೆಕ್ಕದಲ್ಲಿ, ತಪ್ಪಿಸ್ಬೇಡ." ಅವಳ ಬೆನ್ನು ತಟ್ಟಿದ. ಗಟ್ಟಿಯಾಗಿ ತಟ್ಟಲಿಲ್ಲ, ಆದರೂ ಅವಳು ಮುಂದಕ್ಕೆ ಬಾಗಿದಳು. ಶೌಚಾಲಯಕ್ಕೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ನಲ್ಲಿಯ ನೀರು ತುಟಿಗೆ ತಾಗಿದ್ದೇ ಉಗುಳಿದಳು, ಮತ್ತೆ ಮತ್ತೆ ಉಗುಳಿದಳು.

ಹಾಲಿಗೆ ಬಂದಾಗ ಡಾರ್ಲೀನ್ ಕುರ್ಚಿಯಿಂದ ಎದ್ದು ಬಂದು ಅವಳನ್ನು ತಬ್ಬಿಕೊಂಡಳು.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಮಗಾ. ಇವತ್ತು ಎಷ್ಟು ಮಕ್ಕಳನ್ನ ಉಳಿಸ್ದೆ ನೀನು."

"ಪೈಪರ್?" ಎಂದಳು ಆಡ್ರಾ ಅವಳ ಹೆಗಲ ಮೇಲಿಂದ.

"ಏನು ಅಂತಾನೇ ಗೊತ್ತಾಗ್ತಿಲ್ಲ. ಡಾಕ್ಟರು ಮೊದಲು ಲೇಕಿನ ನೀರಾ ಅಂತ ಕೇಳಿದ್ರು. ಅದೇನೋ ಲೇಕಿನ ಕ್ರಿಮಿ ಆದ್ರೆ ಬೇರೆ ದಾರಿ ಅಂತೆ. ನಾನು ಇಲ್ವೇ ಇಲ್ಲ ಅಂದೆ. ಶನಿವಾರ ಅವಳನ್ನ ಗಲ್ ಪಾಯಿಂಟಿಗೆ ಕರ್ಕೊಂಡು ಹೋಗಿದ್ದು ನಾನೇ ತಾನೆ? ಹೊರಡೋ ಮುಂಚೆ ನಿನ್ನ ಮ್ಯಾಪ್ ನೋಡಿದ್ದೆ, ಹಸಿರಿತ್ತು. ನಮ್ಮ ಆಫೀಸಿನ ಮ್ಯಾಪು, ನಮ್ಮ ಆಡ್ರಾ ಮಾಡಿದ್ದು, ಅದು ಸುಳ್ಳು ಹೇಳಲ್ಲ ಅಂದೆ. ಅವರೂ ತೆಗೆದು ನೋಡಿದ್ರು, ಸರಿ ಅಂತ ಅದನ್ನ ಬಿಟ್ರು. ಈಗ ಏನೋ ಆಂಟಿಬಯಾಟಿಕ್ ಶುರು ಮಾಡ್ತಾರಂತೆ."

ಡಾರ್ಲೀನಳ ಹೆಗಲ ಆಚೆ, ಗೋಡೆಗೆ ತಗುಲಿದ ಕಪಾಟಿನಲ್ಲಿ, ಹಳದಿ ಕಾಗದದ ಕರಪತ್ರ ಇತ್ತು. ಆಡ್ರಾ ಅದರ ಪ್ರತಿಗಳನ್ನು ವರ್ಷವರ್ಷವೂ ತೆಗೆದು ಮಡಚಿದ್ದಾಳೆ, ಓದಬೇಕಾಗಿಯೇ ಇಲ್ಲ. ಸರೋವರದ ನೀರಿನಿಂದ ಮಕ್ಕಳಿಗೆ ರಕ್ತಭೇದಿಯಾದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಆಂಟಿಬಯಾಟಿಕ್ ಕೊಟ್ಟರೆ ಮೂತ್ರಪಿಂಡಕ್ಕೆ ಅಪಾಯವಾಗಬಹುದು. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬೀಳುತ್ತಿದ್ದ ಹಳದಿ ಹಾಳೆಗಳ ವಾಸನೆ ಅವಳ ಮೂಗಿಗೆ ಬಂತು.

"ಆದ್ರೂ ಒಂದ್ಸಲ ಹೇಳಿ ನೋಡಿ ಡಾರ್ಲೀನ್," ಎಂದಳು. "ನೀರಿಂದ ಆಗಿರಬಹುದು, ಪರೀಕ್ಷೆ ಮಾಡ್ಲಿ ಅಂತ."

"ಯಾಕೆ? ಹಸಿರಿತ್ತಲ್ಲ."

"ಮ್ಯಾಪು ಒಂದೊಂದ್ಸಲ..."

"ಏ, ಸುಮ್ನಿರು. ಇವತ್ತು ಕೆಟ್ಟಿದ್ದನ್ನ ಗಂಟೆಯೊಳಗೆ ಹಿಡೀತು, ಶನಿವಾರದ್ದು ಬಿಡುತ್ತಾ? ನಿನಗೆ ನಿನ್ನ ಮೇಲೇ ನಂಬಿಕೆ ಇಲ್ಲ ನೋಡು, ಅದೇ ನಿನ್ನ ರೋಗ." ಡಾರ್ಲೀನ್ ಕೆನ್ನೆ ಒರೆಸಿಕೊಂಡು ಟಿವಿಯ ಕಡೆ ಕೈ ತೋರಿಸಿದಳು. ಅಲ್ಲಿ ಶನಿವಾರದ ಚೌಕ ಹಸಿರಾಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಆಡ್ರಾ ಅದನ್ನು ಎರಡನೇ ಸಲ ಹಸಿರು ಮಾಡಿದ್ದಳು.

ತನ್ನ ಕೋಣೆಗೆ ಹೇಗೆ ಬಂದಳೋ ಗೊತ್ತಿಲ್ಲ, ಓಡಿರಬೇಕು, ಮೊಣಕಾಲು ಮೇಜಿನ ಅಂಚಿಗೆ ಬಡಿದು ಉರಿಯುತ್ತಿತ್ತು. ಈಗ ಶುರು ಮಾಡ್ತಾರಂತೆ. ಈಗ ಎಂದರೆ ಯಾವಾಗ? ನರ್ಸ್ ಬಾಟಲಿ ತೂಗುಹಾಕುತ್ತಿದ್ದಾಳೋ, ಹಾಕಿಯಾಗಿದೆಯೋ. ಪೈಪರಳ ಕೈ ಎಷ್ಟು ಸಣ್ಣದು, ಸೂಜಿ ಎಲ್ಲಿ ಚುಚ್ಚುತ್ತಾರೆ. ಷರತ್ತಿನ ಸಾಲು ಪರದೆಯ ಮೇಲಿತ್ತು, ಇವತ್ತಿನಿಂದ ಮಾತ್ರ. ಅದನ್ನು ಅಳಿಸಲು ಬೆರಳು ಎತ್ತಿದಾಗ ಅಪ್ಪನ ಮುಖ ಬಂತು, ಗ್ಯಾರೆಟ್‌ನ ಮುಖ ಬಂತು, ಸೋಮವಾರಕ್ಕೆಂದು ಇಸ್ತ್ರಿ ಮಾಡಬೇಕೆಂದುಕೊಂಡಿದ್ದ ನೀಲಿ ಅಂಗಿ ಕೂಡ ಬಂತು, ಇಂಥ ಹೊತ್ತಿನಲ್ಲಿ ಅಂಗಿ ನೆನಪಾಗುತ್ತದಲ್ಲ ಎಂದು ತನ್ನ ಮೇಲೆ ಅಸಹ್ಯವಾಯಿತು. ಅಳಿಸಿದಳು. ಗುಂಡಿ ಒತ್ತಿದಳು. ವೃತ್ತ ಸುತ್ತತೊಡಗಿತು. ಅದು ನಿಲ್ಲುವುದನ್ನು ನೋಡಲು ಅವಳು ಅಲ್ಲಿ ಕೂರಲಿಲ್ಲ.

ಹಾಲಿನಲ್ಲಿ ಡಾರ್ಲೀನ್ ಟಿವಿಗೆ ಬೆನ್ನು ಹಾಕಿ ಕೂತಿದ್ದಳು.

"ಡಾರ್ಲೀನ್, ಹಿಂದೆ ತಿರುಗಿ ನೋಡಿ."

ಡಾರ್ಲೀನ್ ತಿರುಗಿದಳು. ನಿನ್ನೆಯ ಚೌಕ ಕೆಂಪಾಯಿತು. ಮೊನ್ನೆಯದು. ಮಂಗಳವಾರ, ಸೋಮವಾರ, ಭಾನುವಾರ. ಶನಿವಾರ.

"ಇದೇನಿದು," ಎಂದಳು ಡಾರ್ಲೀನ್. "ಶನಿವಾರ ಯಾಕೆ ಕೆಂಪಾಯ್ತು? ಆಡ್ರಾ, ನಾನು ನೋಡಿದಾಗ ಹಸಿರಿತ್ತು."

"ಕೆಂಪೇ ಇತ್ತು. ಆಸ್ಪತ್ರೆಗೆ ಫೋನ್ ಮಾಡಿ. ಔಷಧಿ ಕೊಡಬೇಡಿ ಅಂತ ಹೇಳಿ. ಈಗ್ಲೇ ಮಾಡಿ!"

ಡಾರ್ಲೀನಳ ಬೆರಳುಗಳು ಮೊಬೈಲಿನ ಮೇಲೆ ತಪ್ಪಿ ತಪ್ಪಿ ಬಿದ್ದವು. ಮಗಳು ಎತ್ತಿದಳು. "ಡಾಕ್ಟರಿಗೆ ಕೊಡೇ, ಡಾಕ್ಟರಿಗೆ ಕೊಡು," ಎಂದು ಡಾರ್ಲೀನ್ ಕೂಗಿದಳು. ಗ್ಯಾರೆಟ್ ಕೂಗು ಕೇಳಿ ಕೋಣೆಯಿಂದ ಹೊರಬಂದು, ಟಿವಿ ನೋಡಿ, ಬಾಗಿಲ ಚೌಕಟ್ಟು ಹಿಡಿದು ನಿಂತ. ಡಾರ್ಲೀನ್ ಫೋನಿಗೆ ಹೇಳುತ್ತಿದ್ದಳು, ಬಿಕ್ಕುತ್ತ, ಒಂದೊಂದೇ ಮಾತು: "ಡಾಕ್ಟರೇ, ನಾನು ತಪ್ಪು ಹೇಳ್ಬಿಟ್ಟೆ. ಲೇಕಿನ ನೀರೇ ಇರಬಹುದು. ನಾನೇ ಸರಿಯಾಗಿ ನೋಡ್ಲಿಲ್ಲ, ವಯಸ್ಸಾಯ್ತು, ಕಣ್ಣು ಸರಿ ಕಾಣಲ್ಲ ನನಗೆ. ನಾನೇ ಕರ್ಕೊಂಡು ಹೋಗಿದ್ದು. ನಂದೇ ತಪ್ಪು."

ಆಡ್ರಾ ಮೇಜಿನ ಆಚೆಯಿಂದ ಬಗ್ಗಿ ಆ ಫೋನನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಅವರ ಕಣ್ಣು ಸರಿಯಾಗೇ ಇದೆ," ಎಂದಳು. "ಔಷಧಿ ಶುರು ಮಾಡಿದ್ರಾ?"

ಆ ಕಡೆಯಿಂದ ಸದ್ದಿಲ್ಲ. ಯಾರೂ ನಡೆದಾಡುತ್ತಿಲ್ಲ, ಯಂತ್ರದ ಬೀಪಿಲ್ಲ, ಉಸಿರಿಲ್ಲ. ಅವಳು ಕಾಲ ಕೆಳಗಿನ ನೆಲವನ್ನು ನೋಡಿದಳು.

"ಇನ್ನೂ ಇಲ್ಲ," ಎಂದಿತು ದನಿ. "ತಂದಿಟ್ಟಿದೀವಿ, ಹಾಕಿಲ್ಲ. ನೀವ್ಯಾರು?"

ಗ್ಯಾರೆಟ್ ನೋಡುತ್ತಿದ್ದ. ಡಾರ್ಲೀನ್ ನೋಡುತ್ತಿದ್ದಳು.

"ಆಡ್ರಾ ಹಾಲ್ಬರ್ಗ್," ಎಂದಳು ಅವಳು. "ಆ ಮ್ಯಾಪ್ ಮಾಡಿದವಳು."